ಕದ್ದ ಗುರುತಿಗೆ ಸೂತಕ ಉಂಟು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಇದರಲ್ಲಿ ಒಂದೇ ಒಂದು ಮಾತು ಸುಳ್ಳಾದರೆ ನಮ್ಮ ಹಲಸಿನ ಮರದಲ್ಲಿ ಕುಂಬಳಕಾಯಿ ಬಿಡಲಿ! ಏಳು ಸೀಮೆಯಲ್ಲಿ ನಿಮ್ಮ ಮಾವನಷ್ಟು ಸತ್ಯವಂತ ಇನ್ನೊಬ್ಬನಿಲ್ಲ.

ಮೆರೆಯೂರು ಅಂತ ಒಂದು ರಾಜ್ಯ. ಅದಕ್ಕೆ ಉಬ್ಬರಸ ಅನ್ನೋ ದೊರೆ. ಒಂದು ದಿನ ಅವನ ಆಸ್ಥಾನಕ್ಕೆ ಜಪಾನು ದೇಶದ ವರ್ತಕ ಬಂದ. ಅವನ ಅಂಗಿಯ ಬೆನ್ನ ಮೇಲೆ ದುಂಡನೆಯ ಚಿತ್ತಾರ.

"ಇದೇನಯ್ಯಾ?"

"ನಮ್ಮ ಮನೆತನದ ಗುರುತು ದೊರೆ. ಒಂದು ದುಂಡು, ಒಂದೇ ಬಣ್ಣ, ಒಳಗೊಂದು ಹೂವೋ ಹಕ್ಕಿಯೋ. ದೂರದಿಂದಲೇ ಯಾರ ಮನೆಯವರು ಅಂತ ತಿಳಿಯಬೇಕು."

ದೊರೆಗೆ ಹೊಟ್ಟೆಕಿಚ್ಚಾಯಿತು. ಊರಬಾಗಿಲ ಕಲ್ಲಿನ ಮೇಲೆ ಕೊರೆಸಿಯೇಬಿಟ್ಟ: "ಮನೆಗೊಂದು ಗುರುತು ಬರೆಯಿರಿ. ಒಂದೇ ಗುರುತಿನವರು ಒಂದೇ ಮನೆ, ಮದುವೆಗೂ ಸಾವಿಗೂ. ತಪ್ಪಿದವನು ದೊರೆಯಾದರೂ ಗಡಿಪಾರು."

ತಾನೂ ಬರೆಯಲು ಕೂತ. ಆನೆ ಬರೆದ, ಸೊಂಡಿಲು ದುಂಡಿನಿಂದ ಆಚೆ ಬಂತು. ಸಿಂಹ ಬರೆದ, ಹಾಲು ಕದ್ದ ಬೆಕ್ಕಿನಂತೆ ಕಂಡಿತು. ತನ್ನದೇ ಮುಖ ಬರೆದ. ಸೀದ ದೋಸೆಗೆ ಮೀಸೆ ಬಂದಂತಾಯಿತು!

ಆ ಊರಲ್ಲಿ ಕದಿರಪ್ಪ ಅನ್ನೋ ನೇಕಾರ, ಅವನ ಹೆಂಡತಿ ಚೌಡಮ್ಮ. ಮಕ್ಕಳಿಲ್ಲ. ಅವನು ತನ್ನ ಹೊದಿಕೆಯ ಮೇಲೆ ಮೂರು ಗೀಜಗನ ಹಕ್ಕಿ ನೇಯ್ದಿದ್ದ, ಒಂದರ ಬಾಲ ಇನ್ನೊಂದರ ಕೊಕ್ಕಿಗೆ ತಾಗಿ ದುಂಡಾಗುವಂತೆ. ದೊರೆ ಅದನ್ನು ಕಂಡ. ಬಾವುಟಕ್ಕೆ ಅದನ್ನೇ ಏರಿಸಿದ. ಬಾಗಿಲಿಗೆ ಕೆತ್ತಿಸಿದ. ಎದೆಗೆ ಹೊಲಿಸಿದ.

"ಇನ್ನು ನೀನು ಆ ಹೊದಿಕೆ ಬಿಚ್ಚೋ," ಅಂದ.

"ಬಿಚ್ಚಲ್ಲ ಬುದ್ಧಿ. ನಮ್ಮಜ್ಜ ಮಗ್ಗದ ಮುಂದೆ ಕೂತು ಆ ಹಕ್ಕಿ ನೋಡಿಯೇ ನೇಯೋದು ಕಲಿತದ್ದು."

ಕದಿರಪ್ಪನನ್ನು ಸೆರೆಗೆ ತಳ್ಳಿದರು. ಚೌಡಮ್ಮ ಅನ್ನ ತಂದಳು, ಕಾವಲಿನವರು ಒಳಗೆ ಬಿಡಲಿಲ್ಲ. ಗಂಜಿ ತಂದಳು, ಬಿಡಲಿಲ್ಲ. ಬರೀ ನೀರು ತಂದಳು, ಅದನ್ನೂ ಬಿಡಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಹೊದಿಕೆ ಹೊದ್ದಂತೆಯೇ ಅವನು ಸತ್ತ.

ಅವತ್ತು ಯುವರಾಜನ ಪಟ್ಟಾಭಿಷೇಕ. ಓಲಗ ಊದುತ್ತಿದ್ದಾರೆ. ಚೌಡಮ್ಮ ಒದ್ದೆ ಸೀರೆಯಲ್ಲಿ ಬಂದು ನಿಂತಳು.

"ಬಾವುಟದ ಮೇಲಿರೋ ಗುರುತು ಯಾರದು ಬುದ್ಧಿ?"

"ನನ್ನದು!"

"ಬಾಗಿಲ ಮೇಲಿರೋದು?"

"ನನ್ನದೇ ಕಣೇ!"

"ಎದೆ ಮೇಲಿರೋದು?"

"ಎಷ್ಟು ಸಲ ಹೇಳಬೇಕೇ? ನನ್ನದೇ!"

"ಹಾಗಾದರೆ ಓಲಗ ನಿಲ್ಲಿಸಿ. ನಿಮ್ಮ ಮನೇಲಿ ಸಾವಾಗಿದೆ. ಹೆಣದ ಮೇಲೂ ಅದೇ ಗುರುತು. ನನಗೆ ಮಕ್ಕಳಿಲ್ಲ, ಮನೆಗೆ ಹಿರಿಯರು ನೀವು. ತಲೆ ಬೋಳಿಸಿಕೊಂಡು ಬಂದು ಕೊಳ್ಳಿ ಇಡಿ."

ದೊರೆ ಪುರೋಹಿತರ ಕಡೆ ನೋಡಿದ. ಅವರು ಊರಬಾಗಿಲ ಕಲ್ಲಿನ ಕಡೆ ನೋಡಿದರು. ನೆರೆದ ಜನ ದೊರೆಯನ್ನೇ ನೋಡಿದರು. ಇಲ್ಲ ಅಂದರೆ ಗಡಿಪಾರು.

ತಲೆ ಹೋಯಿತು ಕ್ಷೌರಕ್ಕೆ, ಮೀಸೆಯೂ ಹೋಯಿತು. ಪಟ್ಟ ನಿಂತಿತು. ಉಬ್ಬರಸ ಮಡಕೆ ಹೊತ್ತು, ನೇಕಾರನ ಚಿತೆ ಸುತ್ತಿ, ಕೊಳ್ಳಿ ಇಟ್ಟು, ಒಂದು ಹನಿ ಕಣ್ಣೀರು ಹಾಕಿದ. ಸೂತಕ ಕಳೆದ ದಿನವೇ ಹಕ್ಕಿಗಳನ್ನೆಲ್ಲ ಕಿತ್ತು ಚೌಡಮ್ಮನ ಮನೆಗೆ ಕಳಿಸಿದ. ಹಕ್ಕಿಗಳು ಬಂದವು. ಹೊದೆಯುವವನು ಬರಲಿಲ್ಲ.

ನೀತಿ ಇಷ್ಟೇ ಮಕ್ಕಳೇ: ಇನ್ನೊಬ್ಬರ ಮನೆತನದ ಗುರುತು ಕದ್ದವನು ಅವರ ಹೆಣವನ್ನೂ ಹೊರಬೇಕು.

ಎಲ್ಲ ಸತ್ಯ. ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು. ದೊರೆ ಕಣ್ಣೀರು ಹಾಕಲಿಲ್ಲ.