ಬೆಂಕಿಗೆ ಹೋದವನ ತಾಳ

"ಗುರುಗಳೇ, ನಾನು ಬಾರಿಸಿದ ತಾಳವನ್ನು ಇನ್ನೊಬ್ಬ ಕತ್ತರಿಸಿ ತನ್ನ ಹಾಡಿಗೆ ಅಂಟಿಸಿಕೊಂಡರೆ, ಆ ತಾಳ ಅವನದೋ ನನ್ನದೋ?"

ಕೇಳಿದ ಶಿಷ್ಯ ತಮಟೆಯವನು. ಹಿಂದೊಮ್ಮೆ ಯಾರೋ ರೆಕಾರ್ಡು ಮಾಡಿಕೊಂಡಿದ್ದ ಅವನ ತಮಟೆಯ ದನಿ ಈಗ ಮುಖಪರಿಚಯವೂ ಇಲ್ಲದವನೊಬ್ಬನ ಹಾಡಿನೊಳಗೆ ಸೇರಿಕೊಂಡು ಊರೂರು ಸುತ್ತುತ್ತಿತ್ತು. ಅದು ಕಿವಿಗೆ ಬಿದ್ದ ದಿನದಿಂದ ಅವನು ತಮಟೆ ಮುಟ್ಟಿರಲಿಲ್ಲ. ಇದು ಇತ್ಯರ್ಥವಾಗುವ ತನಕ ಮುಟ್ಟುವುದೂ ಇಲ್ಲ ಎಂದು ಹಟ ಹಿಡಿದಿದ್ದ.

"ಮೊದಲು ಕೂತುಕೋ ಮಾರಾಯ. ಹಾಗೆ ಮುಖ ಊದಿಸಿಕೊಂಡು ನಿಂತರೆ ನನಗೆ ಮಾತು ಹೊರಡುವುದಿಲ್ಲ" ಎಂದರು ಗುರುಗಳು. ಶಿಷ್ಯ ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ತಮಟೆಯವನಿದ್ದ, ಜವರಯ್ಯ ಅಂತ. ಅವನಿಗೊಬ್ಬ ಜೊತೆಗಾರ, ಮಾರಯ್ಯ. ಇಬ್ಬರೂ ಎದುರುಬದುರು ನಿಂತು ಬಾರಿಸಿದರೆ ಮದುವೆಯ ಗಂಡೂ ಹಸೆಮಣೆ ಬಿಟ್ಟೆದ್ದು ಕುಣಿಯಬೇಕು, ಹಾಗಿತ್ತು ಅವರ ಕೈ. ತಮಟೆಯ ಸಂಗತಿ ನಿನಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ, ಮರೆತವನ ಹಾಗೆ ಕಾಣುತ್ತಿದ್ದೀಯ. ಮಂಜು ಬಿದ್ದರೆ ಚರ್ಮ ಸಡಿಲವಾಗುತ್ತದೆ, ದನಿ ಸತ್ತುಹೋಗುತ್ತದೆ. ಆಗ ಒಬ್ಬ ಪಕ್ಕಕ್ಕೆ ಸರಿದು ಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕಾಸಿಕೊಂಡು ಬರಬೇಕು. ಅವನು ಬರುವ ತನಕ ಇನ್ನೊಬ್ಬ ಒಂಟಿಯಾಗಿ ನಿಂತು ತಾಳ ಬೀಳದಂತೆ ನೋಡಿಕೊಳ್ಳಬೇಕು. ಅವನು ಬಂದ ಮೇಲೆ ಇವನು ಹೋಗಬೇಕು. ಜೊತೆಗಾರಿಕೆ ಅಂದರೆ ಅವರ ಪಾಲಿಗೆ ಇಷ್ಟೇ.

ಒಂದು ದಿಬ್ಬಣದಲ್ಲಿ ಕ್ಯಾಸೆಟ್ ಅಂಗಡಿಯವನೊಬ್ಬ ಟೇಪ್‌ರೆಕಾರ್ಡರ್ ಹಿಡಿದು ಬಂದು ಇವರು ಬಾರಿಸಿದ್ದನ್ನು ತುಂಬಿಕೊಂಡು ಹೋದ. ಹೋಗುವಾಗ ಇಬ್ಬರಿಗೂ ಕೈಮುಗಿದ. ಹೆಸರು ಮಾತ್ರ ಕೇಳಲಿಲ್ಲ. ಇವರೂ ಊಟದ ಪಂಕ್ತಿಗೆ ಓಡುವ ಆತುರದಲ್ಲಿದ್ದರು. ಆ ಸಂಗತಿ ಅಲ್ಲಿಗೇ ಮರೆತುಹೋಯಿತು.

ವರ್ಷಗಳು ಉರುಳಿದವು. ಮಾರಯ್ಯ ತೀರಿಕೊಂಡ. ಜವರಯ್ಯ ಅವನನ್ನು ಮಣ್ಣು ಮಾಡಿ ಬಂದವನೇ ತಮಟೆಯನ್ನು ಗೋಡೆಯ ಗೂಟಕ್ಕೆ ನೇತುಹಾಕಿದ. ಬಾರಿಸಲು ಕರೆಯಲು ಬಂದವರಿಗೆಲ್ಲ ಒಂದೇ ಮಾತು: "ನಾನು ಕಾಸಾಕ್ ಹೋದ್ರೆ ತಾಳ ಹಿಡಿಯೋರ್ ಯಾರು? ಹೋಗ್ರಪ್ಪ ಅತ್ಲಾಗೆ." ಬೇರೆ ಜೊತೆಗಾರರು ಸಿಗದೆ ಏನೂ ಇರಲಿಲ್ಲ. ಇವನಿಗೆ ಬೇಕಿರಲಿಲ್ಲ. ತಮಟೆಯ ಮೇಲೆ ಜೇಡ ಬಲೆ ನೇಯ್ದಿತು.

ಹೀಗಿರುವಾಗ ಒಂದು ದಿನ ಟೀ ಅಂಗಡಿಯ ಮುಂದೆ ಕೂತಿದ್ದಾನೆ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಗಟ್ಟಿಯಾಗಿ ಹಾಡು ಹಾಕಿಕೊಂಡು ಬಂತು. ಹಾಡಿನ ಅಡಿಯಲ್ಲಿ ಒಂದು ತಮಟೆ, ಒಂದೇ ಒಂದು, ಸುತ್ತಿ ಸುತ್ತಿ ಅದೇ ತಾಳ. ಎಡಗೈ ಕಡ್ಡಿ ಒಂದೆಳೆ ತಡವಾಗಿ ಬೀಳುತ್ತಿತ್ತು. ಜವರಯ್ಯನ ಎಡಗೈ ಕಿರುಬೆರಳು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹಾಗೆ ತಡ ಮಾಡುವ ಕೈ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

"ನನ್ ಕೈ! ಅದು ನನ್ ಕೈ ಕಣ್ರಲಾ!" ಎಂದು ಎದ್ದು ನಿಂತ. ಟೀ ಲೋಟ ಉರುಳಿತು.

"ನಿನ್ ಕೈ ನಿನ್ನತ್ರಾನೇ ಐತಲ್ಲ ಜವರಣ್ಣ, ಟ್ಯಾಕ್ಟರ್‌ಗೆ ಯಾವಾಗ್ ಹತ್ತುಸ್ದೆ?" ಎಂದು ಅಂಗಡಿಯವನು ನಕ್ಕ. ಉಳಿದವರೂ ನಕ್ಕರು. ಜವರಯ್ಯನಿಗೆ ಸಿಟ್ಟು ನೆತ್ತಿಗೇರಿತು. ಟ್ರ್ಯಾಕ್ಟರಿನವನನ್ನು ಅಡ್ಡಗಟ್ಟಿ ವಿಚಾರಿಸಿದ. ಹಾಡು ಕಟ್ಟಿದವಳು ಪೇಟೆಯ ಒಬ್ಬ ಹೆಣ್ಣುಮಗಳು ಎಂದು ಗೊತ್ತಾಯಿತು. ಮಾರನೆಯ ಬೆಳಗ್ಗೆ ಬಸ್ಸು ಹತ್ತಿ, ಹತ್ತು ಜನರನ್ನು ಕೇಳಿ, ಅವಳ ಬಾಗಿಲಿಗೇ ಹೋಗಿ ನಿಂತ.

"ನೀನೇನವ್ವ ನನ್ ತಮಟೆ ಎತ್ಕಂಡು ಬಂದೋಳು?"

ಅವಳು ಮೊದಲು ಬೆಚ್ಚಿದಳು. ಆಮೇಲೆ ಅವನ ಎಡಗೈಯ ಸೊಟ್ಟ ಬೆರಳು ಕಂಡಿತು, ತಾಳದಲ್ಲಿ ಆ ಕಡ್ಡಿ ಯಾಕೆ ತಡವಾಗಿ ಬೀಳುತ್ತದೆ ಎಂದು ಹೊಳೆಯಿತು. "ಅಯ್ಯೋ, ನೀವಾ! ಬನ್ನಿ ಅಣ್ಣ, ಒಳಗೆ ಬನ್ನಿ. ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕ ಕ್ಯಾಸೆಟ್ಟು ಅದು, ಮೇಲೆ ಹೆಸರೇ ಇರಲಿಲ್ಲ. ಬಾರಿಸಿದ ಪುಣ್ಯಾತ್ಮ ಯಾರು ಅಂತ ಕಂಡಕಂಡವರನ್ನೆಲ್ಲ ಕೇಳಿದೆ" ಎಂದಳು.

"ಈಗ ಗೊತ್ತಾಯ್ತಲ್ಲ. ಅದು ನಂದು. ಅಳಿಸಾಕು."

ಅವಳು ವಾದ ಮಾಡಲಿಲ್ಲ. "ಆಗಲಿ, ನಿಮ್ಮದನ್ನ ನಿಮ್ಮನ್ನ ಕೇಳದೆ ಇಟ್ಕೊಳೋದು ತಪ್ಪೇ. ಹಾಡನ್ನೂ ತೆಗೆಸ್ತೀನಿ, ಇಲ್ಲಿರೋದನ್ನೂ ಅಳಿಸ್ತೀನಿ. ಆದರೆ ಒಂದು ಮಾತು. ಆ ಕ್ಯಾಸೆಟ್ಟಿನ ಸುರುಳಿ ಹರಿದು ಚೂರಾಯ್ತು. ಉಳಿದಿರೋದು ಈ ಕಂಪ್ಯೂಟರಿನಲ್ಲಿ ಇರೋದೇ. ಅಳಿಸಿದರೆ ಮತ್ತೆ ಎಲ್ಲೂ ಸಿಗೋಲ್ಲ. ಅದಕ್ಕೆ ಮುಂಚೆ ಒಂದು ಸಲ ಪೂರ್ತಿ ಕೇಳಿಬಿಡಿ" ಎಂದಳು.

ಕೇಳುವುದರಲ್ಲೇನು ಹೋಗುತ್ತದೆ ಎಂದುಕೊಂಡು ಜವರಯ್ಯ ಕೂತ. ಎರಡು ತಮಟೆ ಶುರುವಾದವು. ದಿಬ್ಬಣದವರ ಕೇಕೆ, ಯಾರದೋ ಸಿಳ್ಳೆ. ಬರಬರುತ್ತಾ ಒಂದು ತಮಟೆಯ ದನಿ ಮಂಕಾಯಿತು, ನಿಂತೇಹೋಯಿತು. ಇನ್ನೊಂದೇ ಉಳಿಯಿತು. ಅವಳು ಹಾಡಿಗೆ ಎತ್ತಿಕೊಂಡಿದ್ದು ಆ ಒಂಟಿ ತಮಟೆಯ ಭಾಗವನ್ನೇ. ಎಡಗೈ ಕಡ್ಡಿ ಒಂದೆಳೆ ತಡವಾಗಿ ಬೀಳುತ್ತಿತ್ತು. ಆಗ ಹಿಂದಿನಿಂದ, ಬೆಂಕಿಯ ಕಡೆಯಿಂದ, ಒಂದು ಕೂಗು ಕೇಳಿಸಿತು.

"ಬುಡಬ್ಯಾಡ ಕಣ್ಲಾ ಜವರಾ, ಬಂದೆ!"

ಟ್ರ್ಯಾಕ್ಟರಿನ ಗದ್ದಲದಲ್ಲಿ ಇದು ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಎರಡನೆಯ ತಮಟೆ ಕಾದ ದನಿಯಲ್ಲಿ ಬಂದು ಕೂಡಿಕೊಂಡಿತು. ಜವರಯ್ಯ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡ.

"ಇನ್ನೊಂದ್ ಸಲ ಹಾಕವ್ವ" ಅಂದ. ಅವಳು ಹಾಕಿದಳು. ಮತ್ತೆ ಹಾಕು ಅಂದ. ಮತ್ತೆ ಹಾಕಿದಳು.

"ಕೂಗಿದ್ದು ಯಾರಣ್ಣ? ಹಾಡಿಗೆ ಅಡ್ಡ ಬರುತ್ತೆ ಅಂತ ಆ ಕೂಗನ್ನ ತೆಗೆದು ನೋಡಿದೆ. ತೆಗೆದರೆ ತಾಳ ಸಪ್ಪೆಯಾಗ್ತಿತ್ತು. ಹಾಗೇ ಬಿಟ್ಟೆ" ಎಂದಳು.

"ಮಾರ ಅಂತ. ಕಾಸಾಕ್ ಹೋಗಿದ್ದ" ಎಂದ ಜವರಯ್ಯ.

ಅವನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮಾರ ಬಿಡಬೇಡ ಅಂದಿದ್ದ. ತಾನು ಬಿಟ್ಟುಬಿಟ್ಟಿದ್ದ. ಗೂಟಕ್ಕೆ ತಮಟೆ ನೇತುಹಾಕಿ, ಎಲ್ಲ ಮುಗಿಯಿತು ಎಂದು ಕೂತಿದ್ದ. ಇಲ್ಲಿ ನೋಡಿದರೆ ಗುರುತು ಪರಿಚಯ ಇಲ್ಲದ ಹೆಣ್ಣುಮಗಳೊಬ್ಬಳು ಅದೇ ತಾಳವನ್ನು ಅದೇ ಕೂಗಿನ ಸಮೇತ ಕಾಪಾಡಿಕೊಂಡು ಕೂತಿದ್ದಾಳೆ.

"ಅಳಿಸಬ್ಯಾಡ ಕಣವ್ವ. ನಂದು ನಂದು ಅಂತ ಕುಣ್ಕಂಡ್ ಬಂದೆ. ನಾನೇನ್ ನನಗೋಸ್ಕರ ಬಾರಿಸ್ತಿದ್ನಾ ಅದ? ಅವನು ಬರೋಗಂಟ ಅವನ ಜಾಗ ಕಾಯ್ತಿದ್ದೆ ಅಷ್ಟೆಯ. ನಾನ್ ಬುಟ್ಬುಟ್ಟಿದ್ದೆ, ನೀನ್ ಹಿಡ್ಕಂಡಿದ್ದೆ. ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ" ಅಂದ. ಬಾಗಿಲ ತನಕ ಹೋದವನು ತಿರುಗಿ ನಿಂತ. "ಹೆಸ್ರು ಹಾಕದಾದ್ರೆ ಇಬ್ಬರದೂ ಹಾಕು. ಅವಂದು ಮೊದ್ಲು ಬರ್ಲಿ. ಇಲ್ದಿದ್ರೆ ಮೇಲಿಂದಾನೇ ಬೈತಾನೆ ಮುಂಡೇಮಗ."

ಅವಳು ಹಾಗೆಯೇ ಹಾಕಿದಳು. ಜವರಯ್ಯ ಊರಿಗೆ ಬಂದವನೇ ಗೂಟದಿಂದ ತಮಟೆ ಇಳಿಸಿದ. ಜೇಡರ ಬಲೆ ಒರೆಸಿದ. ಅಂಗಳದಲ್ಲಿ ಹುಲ್ಲು ಹೊತ್ತಿಸಿ ಕಾಸಲು ಕೂತ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದೆಲ್ಲ ಸರಿ ಗುರುಗಳೇ, ತಾಳ ಯಾರದು ಅಂತ ನೀವು ಹೇಳಲೇ ಇಲ್ಲವಲ್ಲ?"

"ಹೋಗಿ ನಿನ್ನ ಹೆಸರು ಹಾಕಿಸಿಕೋ, ಬೇಡ ಅನ್ನುವುದಿಲ್ಲ; ಆದರೆ ಅಲ್ಲೊಬ್ಬ ನಿನ್ನ ತಾಳ ಬೀಳದಂತೆ ಹಿಡಿದು ನಿಂತಿದ್ದಾನೆ, ನೀನು ಬೆಂಕಿಯಿಂದ ಇನ್ನೂ ಯಾಕಪ್ಪ ಬಂದಿಲ್ಲ?"