ಬೂದಿಯೊಳಗಿನ ಕೆಂಡ

ಹಂಡೆಯ ಒಲೆಯಿಂದ ಕಲ್ಲಿದ್ದಲಿನ ಬೂದಿ ತೆಗೆದಾಗಲೆಲ್ಲ ದ್ಯಾವಮ್ಮ ಅದರ ಮೇಲೆ ಒಂದು ಬೊಗಸೆ ನೀರು ಚಿಮುಕಿಸಿ, ಚುಯ್ ಎನ್ನುತ್ತದೋ ಎಂದು ಕಿವಿಗೊಡುತ್ತಿದ್ದಳು. ಸದ್ದು ಅಡಗಿದ ಮೇಲೆಯೇ ಅದನ್ನು ಬಕೆಟ್ಟಿಗೆ ತುಂಬಿ, ನಲ್ಲಿಯ ಬಳಿಯ ಕೆಸರಿಗೆ ಹರಡುವಳು. ಅಂದು ಮನೆಮಂದಿಗೆಲ್ಲ ನೀರು ಕಾಯಿಸಿ ಸುಸ್ತಾಗಿದ್ದವಳು ಬೂದಿಯನ್ನು ಹಾಗೆಯೇ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿದು, ಒಲೆ ಹೊತ್ತಿಸಲು ಒಣಗಿಸಿದ್ದ ತೆಂಗಿನ ಸಿಪ್ಪೆಯ ಮೇಲಿಟ್ಟು, ಒಳಗೆ ಹೋಗಿ ಮಲಗಿಬಿಟ್ಟಳು.

"ಬೂದಿಯಕ್ಕಾ, ತಳ ಸುಡುತ್ತಿದೆ. ಹೊಟ್ಟೆಯಲ್ಲಿ ಏನಿಟ್ಟುಕೊಂಡಿದ್ದೀಯೆ?" ಎಂದಿತು ಬಕೆಟ್ಟು.

"ಒಂದು ಕೆಂಡ ಇದೆ. ಬೆಳಗಿನಿಂದ ಮುಚ್ಚಿಕೊಂಡೇ ಇದ್ದೇನೆ."

"ದ್ಯಾವಮ್ಮನಿಗೆ ಹೇಳಬಾರದಿತ್ತೇ?"

"ದಿನಾ ಅವಳೇ ವಿಚಾರಿಸುತ್ತಿದ್ದಳು. ಇವತ್ತು ವಿಚಾರಿಸಲಿಲ್ಲ. ಕರೆದು ಹೇಳುವಷ್ಟು ತ್ರಾಣ ನನಗೆಲ್ಲಿದೆ, ತಂಗಿ? ಸುಟ್ಟು ಸುಟ್ಟು ಇಷ್ಟಾಗಿದ್ದೇನೆ."

ಕೆಂಡ ಒಳಗಿನಿಂದಲೇ ನಕ್ಕಿತು. "ಸುಮ್ಮನಿರ್ರೇ. ಎಲ್ಲರೂ ದಣಿದ ಮೇಲೇ ನನ್ನ ಸರದಿ."

ಬಕೆಟ್ಟಿನ ತಳ ಮೆತ್ತಗಾಗಿ ಸಿಪ್ಪೆಯ ಮೇಲೆ ಜೋತುಬಿತ್ತು. ಮನೆಯೊಳಗಿನಿಂದ ಗೊರಕೆ ಕೇಳಿಸುತ್ತಿತ್ತು. ಬಕೆಟ್ಟು ಅತ್ತ ತಿರುಗಿ ಇದ್ದಬದ್ದ ದನಿಯಲ್ಲಿ ಕೂಗಿತು:

"ದ್ಯಾವಮ್ಮಾ, ಎದ್ದು ಬಾರವ್ವಾ. ಒಂದೇ ಒಂದು ಬೊಗಸೆ ನೀರು ಸಾಕು."