ಉತ್ತರ ಬಾಗಿಲಿನ ಐನೂರು ಕಲ್ಲು

“ಕೇಳ್ರಪ್ಪೋ ಕೇಳಿ! ಕಣಿವೆಕೋಟೆಯ ದೊರೆ ಇರುಗಪ್ಪ ನಾಯಕರ ಅಪ್ಪಣೆ! ದಾರಿಯ ಬಗ್ಗೆ ದೊರೆಗಳು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ರಾಜ್ಯದ ದಾರಿಗಳ ಅಧಿಕಾರ! ಒಂದು ತಪ್ಪಿದರೂ ತಲೆದಂಡ!”

ತಮಟೆಯವನು ಗುಡ್ಡದ ಹಿಂದಿನ ಅರವಟ್ಟಿಗೆಯ ಮುಂದೆ ಇಷ್ಟು ಸಾರಿ, ನೀರು ಕುಡಿದು ಹೊರಟುಹೋದ. ನೀರು ಹೊಯ್ದ ಚೌಡವ್ವ ಮಾತ್ರ ಅವನ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕಿದಳು. ಅವಳ ಅಪ್ಪ ಬೊಮ್ಮಣ್ಣ ಸೆರೆಮನೆ ಸೇರಿ ಆಗಲೇ ಒಂಬತ್ತು ದಿನವಾಗಿತ್ತು.

ಯಾವ ದಾರಿ ಅಗಲ ಮಾಡಬೇಕು, ಎಲ್ಲಿ ಸೇತುವೆ ಕಟ್ಟಬೇಕು ಎಂದು ತಿಳಿಯಲು ದೊರೆ ಕೋಟೆಯ ಬಾಗಿಲಿಗೊಬ್ಬನಂತೆ ಎಣಿಸುವವರನ್ನು ಕೂರಿಸಿದ್ದ. ಒಂದು ಗಾಡಿ ಹಾದರೆ ಮಡಕೆಗೆ ಒಂದು ಕಲ್ಲು. ಸಂಜೆಗೆ ಮಡಕೆ ಅರಮನೆಗೆ. ಮಾಡಿದ್ದು ಒಳ್ಳೆಯದಕ್ಕೇ. ಆದರೆ ಯಾಕೆ ಎಣಿಸುತ್ತೇವೆಂದು ಯಾರಿಗೂ ಹೇಳಲಿಲ್ಲ. “ಇವತ್ತು ಗಾಡಿ ಎಣಿಸ್ತಾರೆ, ನಾಳೆ ಎತ್ತು ಹೊಡ್ಕೊಂಡು ಹೋಗ್ತಾರೆ” ಎಂದು ಜನ ಪಿಸುಗುಟ್ಟಿದರು. ಅತ್ತ ಲೆಕ್ಕ ತಾಳೆಯಾಗದ ಮಡಕೆಗಳನ್ನು ನೋಡಿದ ದೊರೆಗೆ ಎಣಿಸುವವರ ಮೇಲೇ ಗುಮಾನಿ ಹುಟ್ಟಿತು. ಉತ್ತರ ಬಾಗಿಲಲ್ಲಿ ಕೂರುತ್ತಿದ್ದ ಬೊಮ್ಮಣ್ಣ ಮೊದಲು ಸಿಕ್ಕಿಬಿದ್ದ.

ಮರುದಿನ ಚೌಡವ್ವ ಸೆರಗು ಬಿಗಿದು ಓಲಗಕ್ಕೆ ಹೋದಳು. ಅವಳಿಗಿಂತ ಮುಂದೆ ಇಬ್ಬರು ನಿಂತಿದ್ದರು: ದಂಡನಾಯಕನ ಮಗ ಮಾಚಯ್ಯ, ಆಸ್ಥಾನದ ಪಂಡಿತ ಕೃಷ್ಣಾವಧಾನಿ.

ದೊರೆ ಮೊದಲ ಒಗಟು ಕೇಳಿದ. “ದಕ್ಷಿಣದಲ್ಲಿ ಒಂದು ದಾರಿ. ಮೂರು ತಿಂಗಳಿಂದ ಅಲ್ಲಿನ ಮಡಕೆಗೆ ಒಂದು ಕಲ್ಲೂ ಬಿದ್ದಿಲ್ಲ. ಆದರೂ ರಾಜ್ಯಕ್ಕೆ ಅದಕ್ಕಿಂತ ಬೇಕಾದ ದಾರಿ ಇಲ್ಲವಂತೆ. ಯಾವುದು, ಏಕೆ?”

“ದೊರೆಗಳು ಬೇಟೆಗೆ ಹೋಗುವ ದಾರಿ. ಬೇರೆಯವರು ಕಾಲಿಡುವ ಹಾಗಿಲ್ಲವಲ್ಲ!” ಎಂದ ಮಾಚಯ್ಯ ಮೀಸೆ ತಿರುವುತ್ತ.

“ಹೊಗಳಿ ಬದುಕೋಣ ಅಂದುಕೊಂಡೆಯಾ? ಎಳೆದುಕೊಂಡು ಹೋಗಿ.”

“ದಕ್ಷಿಣವೆಂದರೆ ಯಮನ ದಿಕ್ಕು. ಅದು ಯಮಲೋಕದ ದಾರಿ ಪ್ರಭು” ಎಂದರು ಅವಧಾನಿಗಳು. ಅವರನ್ನೂ ಎಳೆದೊಯ್ದರು.

ಚೌಡವ್ವ ಮುಂದೆ ಬಂದು ಕೈಮುಗಿದಳು. “ಬುದ್ಧಿ, ಅದು ಹಳ್ಳದ ದಾರಿ. ಹೋದ ಮಳೆಗಾಲದಲ್ಲಿ ಸೇತುವೆ ಕೊಚ್ಚಿಹೋಯ್ತು. ಬೇಡ ಅಂತ ಜನ ಬಿಟ್ಟಿದ್ದಲ್ಲ, ದಾಟಕ್ಕಾಗದೆ ಬಿಟ್ಟಿದ್ದು. ಆಚೆ ದಡದಲ್ಲಿ ಹನ್ನೆರಡು ಹಳ್ಳಿ ಕಾಯ್ತಾ ಇವೆ. ಬರಿ ಮಡಕೆ ನೋಡಿದರೆ ಅದು ಕಾಣಲ್ಲ.”

ದೊರೆ ಕಣ್ಣು ಕಿರಿದು ಮಾಡಿದ. “ಇದನ್ನು ಯಾರು ಹೇಳಿಕೊಟ್ಟರು ನಿನಗೆ?”

“ನೀರು ಕುಡಿಯೋಕೆ ನಿಂತವರು ಮಾತಾಡ್ತಾರೆ ಬುದ್ಧಿ. ನನಗೂ ಕಿವಿ ಇದೆ.”

“ಎರಡನೆಯದು. ಉತ್ತರ ಬಾಗಿಲಲ್ಲಿ ಒಂದೇ ದಿನ ಐನೂರು ಕಲ್ಲು ಬಿತ್ತು. ಅಂದು ಊರಿನಲ್ಲಿ ಹುಡುಕಿದರೆ ನೂರು ಗಾಡಿಯೂ ಇಲ್ಲ. ಕಲ್ಲು ಹಾಕಿದವನು ಸತ್ಯ ಹೇಳಿದೆನೆಂದು ಆಣೆ ಇಡುತ್ತಾನೆ. ಊರೊಳಗೆ ಹುಡುಕಿದವರೂ ಆಣೆ ಇಡುತ್ತಾರೆ. ಇಬ್ಬರ ಮಾತೂ ನಿಜವಾಗುವುದು ಹೇಗೆ?”

ಚೌಡವ್ವ ತಲೆ ಎತ್ತಿದಳು. ಆ ಕಲ್ಲು ಹಾಕಿದವನು ಅವಳ ಅಪ್ಪ. “ಹೊಸ ಕೆರೆ ಏರಿಗೆ ಕಲ್ಲುಗಣಿಯಿಂದ ಗಾಡಿ ಹೊಡೀತಿದ್ದಾರೆ. ಒಂದು ಗಾಡಿ ದಿನಕ್ಕೆ ಆರು ಸಲ ಬಾಗಿಲು ದಾಟುತ್ತೆ. ದಾಟಿದಾಗೆಲ್ಲ ಒಂದು ಕಲ್ಲು ಹಾಕಿದ ನಮ್ಮಪ್ಪ. ಅವನು ಎಣಿಸಿದ್ದು ಹಾಯುವುದನ್ನ, ಗಾಡಿಯನ್ನಲ್ಲ.”

“ಓಹೋ, ಬೊಮ್ಮಣ್ಣನ ಮಗಳೋ!” ದೊರೆ ಥಟ್ಟನೆ ಎದ್ದು ನಿಂತ. “ಅಪ್ಪನನ್ನು ಬಿಡಿಸಲು ಕಟ್ಟಿದ ಕತೆ ಇದು!” ಆದರೂ ಕೆರೆ ಕೆಲಸದ ಮೇಸ್ತ್ರಿಗೆ ಕರೆ ಹೋಯಿತು. ಅವನು ಬಂದು ಕೈಮುಗಿದು, “ನಮ್ಮವೇ ಎಂಬತ್ತು ಗಾಡಿ, ಆರಾರು ಸಲ ಬುದ್ಧಿ. ಮಿಕ್ಕ ಇಪ್ಪತ್ತು ಬೇರೆಯವರು ಹೋಗಿ ಬಂದದ್ದು” ಎಂದ. ದೊರೆ ಮೆಲ್ಲಗೆ ಕೂತ.

ಮೂರನೆಯದನ್ನು ಕೇಳುವಾಗ ಅವನ ದನಿ ತಗ್ಗಿತ್ತು. “ಮಂಗಳವಾರ ಪೂರ್ವದ ಬಾಗಿಲಲ್ಲಿ ಎಣಿಸುವವನು ಕೂತಿದ್ದ. ಹತ್ತೇ ಗಾಡಿ. ಬುಧವಾರ ಅವನಿಗೆ ಜ್ವರ. ಉಪ್ಪರಿಗೆಯಿಂದ ನಾನೇ ಕಂಡೆ, ಗಾಡಿಗಳ ಸಾಲು ಮುಗಿಯಲೇ ಇಲ್ಲ. ದಾರಿ ಯಾರನ್ನು ಕಂಡು ಅಡಗುತ್ತದೆ?”

ಉತ್ತರ ಅವಳಿಗೆ ಗೊತ್ತಿತ್ತು. ಹೇಳಿದರೂ ತಲೆ ಹೋದೀತು, ಹೇಳದಿದ್ದರೂ ಹೋದೀತು. ಹೇಳಿಯೇ ಬಿಟ್ಟಳು.

“ನಿಮ್ಮನ್ನು ಕಂಡು, ಬುದ್ಧಿ.”

“ನನ್ನನ್ನೇ? ಬಿಡಿಸಿ ಹೇಳು” ಎಂದ ದೊರೆ.

“ಎಣಿಸೋದು ಯಾಕೆ ಅಂತ ಜನಕ್ಕೆ ಗೊತ್ತಿಲ್ಲ. ಎಣಿಸುವವನು ಕೂತಿದ್ದರೆ ಗುಡ್ಡದ ಹಿಂದೆ ನನ್ನ ಅರವಟ್ಟಿಗೆ ಮುಂದಿನ ಒಳದಾರಿ ಹಿಡೀತಾರೆ. ಮಂಗಳವಾರ ನನ್ನ ಹಂಡೆ ನೀರು ಮಧ್ಯಾಹ್ನಕ್ಕೇ ಮುಗೀತು. ಬುಧವಾರ ಮುಟ್ಟುವವರಿರಲಿಲ್ಲ.”

“ಯಾರವರು? ಹೆಸರು ಹೇಳು, ನಿನ್ನಪ್ಪನನ್ನು ಈಗಲೇ ಬಿಡುತ್ತೇನೆ.”

ಚೌಡವ್ವನ ಕಣ್ಣಲ್ಲಿ ನೀರಾಡಿತು. ಸೆರಗಿನಲ್ಲಿ ಒರೆಸಿಕೊಂಡಳು. “ಬಾಯಾರಿ ಬಂದವರ ಹೆಸರು ಕೇಳೋ ರೂಢಿ ಅರವಟ್ಟಿಗೆಯಲ್ಲಿಲ್ಲ. ಎಷ್ಟು ಜನ ಅಂತ ಹೇಳಬಲ್ಲೆ, ಯಾರು ಅಂತ ಹೇಳಲಾರೆ. ಹೇಳಿದರೆ ನಾಳೆ ನನ್ನ ಮುಂದೂ ಯಾರೂ ಹಾಯಲ್ಲ. ಆಗ ನಿಮ್ಮ ಮಡಕೆಗಳೆಲ್ಲ ಸುಳ್ಳೇ ಹೇಳ್ತವೆ.”

ದೊರೆ ಅವಳ ಮಾತಿನಲ್ಲಿ ಸುಳ್ಳಿನ ಎಳೆ ಹುಡುಕಿದ, ಸಿಗಲಿಲ್ಲ.

“ಈ ಮೂರಕ್ಕೂ ಉತ್ತರ ನನಗೇ ಗೊತ್ತಿರಲಿಲ್ಲ ಹುಡುಗಿ” ಎಂದ ಕೊನೆಗೆ. “ಒಗಟು ಇಟ್ಟವನಲ್ಲ ನಾನು, ಅದರೊಳಗೆ ಸಿಕ್ಕಿಕೊಂಡವನು.” ಅಲ್ಲೇ ಅವಳ ಕೈಗೆ ದಾರಿಗಳ ಅಧಿಕಾರದ ಮುದ್ರೆ ಕೊಟ್ಟ. ಇನ್ನೇನು ಬೇಕೆಂದು ಕೇಳಿದಾಗ ಅವಳು ಅಪ್ಪನ ಬಿಡುಗಡೆಯ ಜೊತೆಗೆ ಮಾಚಯ್ಯ, ಅವಧಾನಿಗಳ ಪ್ರಾಣವನ್ನೂ ಬೇಡಿ ಉಳಿಸಿದಳು.

ಅಂದಿನಿಂದ ದಿನದ ಎಣಿಕೆಯನ್ನು ಸಂಜೆ ಬಾಗಿಲಲ್ಲೇ ಗಟ್ಟಿಯಾಗಿ ಸಾರತೊಡಗಿದರು. ಎಷ್ಟು ಹಾದವು, ಅದರಿಂದ ಯಾವ ದಾರಿಗೆ ಏನು ಕೆಲಸ, ಅಷ್ಟೇ. ಯಾರ ಹೆಸರೂ ಇಲ್ಲ. ಜನ ಸುಲಭವಾಗಿ ನಂಬಲಿಲ್ಲ. ಹಳ್ಳದ ಸೇತುವೆಗೆ ಅಡಿಗಲ್ಲು ಬಿದ್ದ ಮೇಲೆಯೇ ಒಬ್ಬ ಮುದುಕ ಒಳದಾರಿ ಬಿಟ್ಟು ಹೆದ್ದಾರಿಗೆ ಗಾಡಿ ತಿರುಗಿಸಿದ. ಉತ್ತರ ಬಾಗಿಲಲ್ಲಿ ಎತ್ತು ನಿಲ್ಲಿಸಿ, ಮಡಕೆಯೊಳಗೆ ಬಗ್ಗಿ ನೋಡಿದ.

“ನನ್ನದೂ ಒಂದು ಹಾಕು ಬೊಮ್ಮಣ್ಣ” ಎಂದ. “ಒಂದೇ. ಎರಡು ಹಾಕ್ಬಿಟ್ಟೀಯ, ನೋಡ್ತಾ ಇರ್ತೀನಿ.”